ಹಳೇ ಟ್ಯೂಬ್ ಆಂಪ್‌ಗೆ ಎರಡ್ಮೂರು ಜೊತೆ ಸ್ಪೀಕರ್ ಹಾಕಿದ್ಮೇಲೆ ಸೌಂಡ್ ಕೆಟ್ರೆ ಎಲ್ಲಿಂದ ಹುಡುಕೋದು

ಒಂದು ಜೊತೆ ಸ್ಪೀಕರ್ ಇದ್ದಾಗ ಚೆನ್ನಾಗೇ ಹಾಡ್ತಿದ್ದ ಆಂಪು, ಎರಡನೇ ಜೊತೆ ಸೇರ್ಸಿದ್ಮೇಲೆ ಬಾಸ್ ಸಡಿಲ ಆಗುತ್ತೆ, ಸ್ವಲ್ಪ ವಾಲ್ಯೂಮ್ ಏರ್ಸಿದ್ರೆ ಕರಕರ ಅನ್ನುತ್ತೆ, ಇಲ್ಲಾ ಒಂದು ಕಡೆ ಸೌಂಡೇ ಇರಲ್ಲ, ಆಗ ಎಲ್ರೂ ಮೊದ್ಲು ಮಾಡೋದು ಬಡಪಾಯಿ ಟ್ಯೂಬ್ ಮೇಲೆ ಗೂಬೆ ಕೂರ್ಸೋದು. ಟ್ಯೂಬ್ ಕಣ್ಣಿಗೆ ಕಾಣುತ್ತೆ, ಎಳೆದ್ರೆ ಕೈಗೆ ಬರುತ್ತೆ, ಹೊಸದು ತಂದು ಹಾಕ್ಬೋದು, ಹಾಗಾಗಿ ಅನುಮಾನ ಅಲ್ಲಿಗೇ ಹೋಗುತ್ತೆ. ಆದ್ರೆ ಸ್ಪೀಕರ್ ಸೇರ್ಸಿದ್ಮೇಲೆ ಶುರುವಾದ ತೊಂದ್ರೆಗೆ ಕಾರಣ ಸಾಮಾನ್ಯವಾಗಿ ಸ್ಪೀಕರ್ ಕಡೇನೇ ಇರುತ್ತೆ: ತಪ್ಪು ಟ್ಯಾಪು (ಆಂಪ್ ಹಿಂದೆ ಸ್ಪೀಕರ್ ಕಟ್ಟೋ ನಂಬರಿನ ಸ್ಕ್ರೂ), ಸಡಿಲ ಸ್ಕ್ರೂ, ಎಲ್ಲೋ ತಗಲಿರೋ ವೈರ್ ಎಳೆ, ಕೊಳೆ ಹಿಡಿದ ಸೆಲೆಕ್ಟರ್ ಸ್ವಿಚ್ಚು. ಆದ್ದರಿಂದ ಹುಡುಕೋದು ಸ್ಪೀಕರ್ ತುದಿಯಿಂದ ಶುರು ಮಾಡಿ ಆಂಪ್ ಕಡೆಗೆ ಬರ್ಬೇಕು. ಟ್ಯೂಬ್ ಮುಟ್ಟೋದು ಕೊನೆಗೆ.

ಇದಕ್ಕೆ ಬೇಕಾಗಿರೋದು ಒಂದು ಸಾಧಾರಣ ಮಲ್ಟಿಮೀಟರ್ರು, ಸ್ಕ್ರೂ ಡ್ರೈವರ್ರು, ಒಂದು 1.5 ವೋಲ್ಟ್ ಸೆಲ್ಲು, ಮತ್ತೆ ಸಾಧ್ಯ ಆದ್ರೆ ಒಂದು ಜೊತೆ 8 ಓಮ್ ವೈರ್‌ವೂಂಡ್ ರೆಸಿಸ್ಟರ್ರು, ಒಂದು ಚಾನೆಲ್‌ನ ವ್ಯಾಟ್‌ಗಿಂತ ಜಾಸ್ತಿ ತಡೆಯೋ ಅಂಥದ್ದು. ಈ ರೆಸಿಸ್ಟರ್ ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದ್ಲು ಎರಡು ವಿಷ್ಯ, ಇವನ್ನ ಬಿಟ್ಟು ಮುಂದೆ ಹೋಗ್ಬೇಡಿ

ಒಂದು, ಟ್ಯೂಬ್ ಆಂಪನ್ನ ಸ್ಪೀಕರ್ ಇಲ್ದೆ ಓಡಿಸ್ಬಾರ್ದು. ಟ್ರಾನ್ಸಿಸ್ಟರ್ ಆಂಪ್ ಬಳಸಿ ಅಭ್ಯಾಸ ಇರೋರಿಗೆ ಇದು ಉಲ್ಟಾ ಅನ್ಸುತ್ತೆ, ಯಾಕಂದ್ರೆ ಅಲ್ಲಿ ಶಾರ್ಟ್ ಆದ್ರೆ ಅಪಾಯ, ಓಪನ್ ಇದ್ರೆ ಏನೂ ಆಗಲ್ಲ. ಇಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇದೆ, ಸೆಕೆಂಡರಿ ಕಡೆ (ಸ್ಪೀಕರ್‌ಗೆ ಹೋಗೋ ಸುತ್ತು) ಲೋಡ್ ಇಲ್ದೆ ಇದ್ದಾಗ ಸಿಗ್ನಲ್ ಕೊಟ್ರೆ ಪ್ರೈಮರಿ ಕಡೆ (ಟ್ಯೂಬ್ ಕಡೆಯ ಸುತ್ತು) ವೋಲ್ಟೇಜು ಮಿತಿ ಮೀರಿ ಏರುತ್ತೆ, ಟ್ಯೂಬ್ ಸಾಕೆಟ್‌ನ ಪಿನ್‌ಗಳ ನಡುವೆ ಕಿಡಿ ಹಾರ್ಬೋದು, ಟ್ರಾನ್ಸ್‌ಫಾರ್ಮರ್ ಒಳಗಿನ ಇನ್ಸುಲೇಶನ್ ಹರಿದು ಹೋಗ್ಬೋದು. ಸಿಗ್ನಲ್ ಇಲ್ದೆ ಸುಮ್ನೆ ಆನ್ ಇದ್ರೆ ತಕ್ಷಣಕ್ಕೆ ಏನೂ ಆಗ್ದೆ ಇರ್ಬೋದು, ಆದ್ರೆ ಲೋಡ್ ಇಲ್ದೆ ಕೆಲವು ಆಂಪ್‌ಗಳು ತಾವೇ ಆಸಿಲೇಟ್ ಆಗ್ತವೆ (ಸಿಗ್ನಲ್ ಕೊಡದೇನೇ ತಾವೇ ಹುಟ್ಟಿಸ್ಕೊಳ್ತವೆ), ಅದು ನಿಮ್ಮ ಕಿವಿಗೆ ಕೇಳ್ಸಲ್ಲ. ಹಳೇ ಆಂಪ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ರೆ ಅದೇ ಥರದ್ದು ಹುಡುಕೋ ಪಜೀತಿ ಯಾರಿಗೂ ಬೇಡ. ಹಾಗಾಗಿ ಸ್ಪೀಕರ್ ವೈರ್ ತೆಗಿಯೋದು ಹಾಕೋದು ಏನೇ ಇದ್ರೂ ಆಂಪ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೇನೇ.

ಎರಡು, ಆಂಪ್ ಕೆಳಗಿನ ತಗಡು ಬಿಚ್ಚೋ ಪ್ರಸಂಗ ಬಂದ್ರೆ, ಒಳಗೆ 400 ವೋಲ್ಟ್ ಆಸುಪಾಸು ಇರುತ್ತೆ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಅದು ಉಳ್ಕೊಂಡಿರುತ್ತೆ. ಸುಮಾರು 10 ಕಿಲೋಓಮ್ 10 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಶನ್ ಇರೋ ವೈರ್ ಬೆಸುಗೆ ಹಾಕಿ ಅದರಲ್ಲಿ ಡಿಸ್ಚಾರ್ಜ್ ಮಾಡಿ, ಆಮೇಲೆ ಮೀಟರ್ ಇಟ್ಟು ಸೊನ್ನೆ ಹತ್ರ ಬಂದಿದ್ಯಾ ಅಂತ ನೋಡಿ. ಈ ಕೆಲ್ಸ ಗೊತ್ತಿಲ್ದೋರು ತಗಡು ಬಿಚ್ಚೋದೇ ಬೇಡ, ಈ ಬರಹದ ಬಹುಪಾಲು ಹೊರಗಿನಿಂದಾನೇ ಮಾಡೋ ಅಂಥದ್ದು.

ಟ್ಯಾಪ್ ಅಂದ್ರೆ ಏನು, ಅದರ ಲೆಕ್ಕ ಏನು

ಆಂಪ್ ಹಿಂದೆ ಸ್ಕ್ರೂ ಪಟ್ಟಿ ಇರುತ್ತಲ್ಲ, ಅದರ ಮೇಲೆ ಕಾಮನ್ ಇಲ್ಲಾ 0, ಆಮೇಲೆ 4, 8, 16 ಅಂತ ಬರ್ದಿರುತ್ತೆ. ಟ್ಯೂಬ್‌ಗಳಿಗೆ ಸಾವಿರಾರು ಓಮ್ ಲೋಡ್ ಬೇಕು, ಉದಾಹರಣೆಗೆ ಪುಶ್-ಪುಲ್ (ಒಂದು ತಳ್ಳೋವಾಗ ಇನ್ನೊಂದು ಎಳೆಯೋ) ಇಎಲ್84 ಔಟ್‌ಪುಟ್ ಟ್ಯೂಬ್ ಜೋಡಿಗೆ 8000 ಓಮ್ ಮಾಮೂಲಿ, ಸ್ಪೀಕರ್ ಇರೋದು 8 ಓಮ್. ನಡುವೆ ಟ್ರಾನ್ಸ್‌ಫಾರ್ಮರ್ ಸೈಕಲ್ ಗೇರ್ ಥರ ಕೂತಿರುತ್ತೆ. ಸುತ್ತುಗಳ ಅನುಪಾತದ ವರ್ಗದಷ್ಟು ಓಮ್ ಬದಲಾಗುತ್ತೆ, ಅಂದ್ರೆ 8000 ಮತ್ತು 8ರ ನಡುವೆ 1000 ಪಟ್ಟು, ಸುತ್ತು ಸುಮಾರು 31.6ಕ್ಕೆ 1. ಇಲ್ಲಿ ಗಮನಿಸ್ಬೇಕಾದ್ದು ಏನಂದ್ರೆ ಟ್ರಾನ್ಸ್‌ಫಾರ್ಮರ್‌ಗೆ ತನ್ನದೇ ಆದ 8 ಓಮ್ ಅನ್ನೋದು ಇಲ್ಲ, 8ರ ಟ್ಯಾಪ್‌ಗೆ ನೀವು 4 ಓಮ್ ಕಟ್ಟಿದ್ರೆ ಟ್ಯೂಬ್‌ಗೆ 8000 ಬದ್ಲು 4000 ಕಾಣುತ್ತೆ, ಅಷ್ಟೇ. 8ಕ್ಕೆ 8 ಕಟ್ಟಿದ್ರೂ 4ಕ್ಕೆ 4 ಕಟ್ಟಿದ್ರೂ ಟ್ಯೂಬ್‌ಗೆ ಕಾಣೋದು ಒಂದೇ.

ಜಾಸ್ತಿ ಸ್ಪೀಕರ್ ಹಾಕೋವಾಗ ಪ್ಯಾರಲಲ್ ಸೂತ್ರ, ಸೀರೀಸ್ ಸೂತ್ರ ಅಂತೆಲ್ಲ ಜನ ತಲೆ ಕೆಡಿಸ್ಕೊತಾರೆ. ನಾನು ಮಾಡೋ ಲೆಕ್ಕ ಇದಕ್ಕಿಂತ ಸುಲಭ. ಒಂದು ಚಾನೆಲ್‌ಗೆ ಎಷ್ಟು ಸ್ಪೀಕರ್ ಇದ್ಯೋ ಅಷ್ಟಕ್ಕೂ, ಅದು ಯಾವ ಟ್ಯಾಪ್‌ಗೆ ಹೋಗಿದೆಯೋ ಆ ನಂಬರನ್ನ ಸ್ಪೀಕರ್‌ನ ಓಮ್‌ನಿಂದ ಭಾಗಿಸಿ, ಬಂದಿದ್ದನ್ನೆಲ್ಲ ಕೂಡ್ಸಿ. ಮೊತ್ತ 1 ಬಂದ್ರೆ ಸರಿಯಾದ ಲೋಡು. 1ಕ್ಕಿಂತ ಜಾಸ್ತಿ ಬಂದ್ರೆ ಓವರ್‌ಲೋಡು, ಕಮ್ಮಿ ಬಂದ್ರೆ ಲೋಡ್ ಹಗುರ.

ಎರಡು 8 ಓಮ್ ಸ್ಪೀಕರನ್ನ 8ರ ಟ್ಯಾಪ್‌ಗೆ ಪ್ಯಾರಲಲ್ ಹಾಕಿದ್ರೆ 8/8 + 8/8 = 2, ಇದು ತಪ್ಪು. ಅವೆರಡನ್ನೂ 4ಕ್ಕೆ ಹಾಕಿದ್ರೆ 4/8 + 4/8 = 1, ಸರಿ. ಒಂದು 8 ಓಮ್ ಸ್ಪೀಕರ್ 8ರಲ್ಲಿ, ಇನ್ನೊಂದು 4 ಓಮ್ ಸ್ಪೀಕರ್ 4ರಲ್ಲಿ ಹಾಕ್ಕೊಂಡು "ಎರಡೂ ತಂತಮ್ಮ ಟ್ಯಾಪ್‌ನಲ್ಲೇ ಇದಾವಲ್ಲ, ಇನ್ನೇನು" ಅನ್ನೋರು ತುಂಬಾ ಜನ, ಲೆಕ್ಕ ನೋಡಿ: 1 + 1 = 2, ಅದೂ ಓವರ್‌ಲೋಡೇ. ಇದೇ ನಾನು ನೋಡಿರೋ ಅತಿ ಸಾಮಾನ್ಯ ಎಡವಟ್ಟು. ಬದ್ಲಿಗೆ 16 ಓಮ್ ಸ್ಪೀಕರ್ 8ರಲ್ಲಿ, 8 ಓಮ್ ಸ್ಪೀಕರ್ 4ರಲ್ಲಿ ಹಾಕಿದ್ರೆ ಅರ್ಧ ಅರ್ಧ ಸೇರಿ 1, ಚೆನ್ನಾಗಿ ಕೂರುತ್ತೆ. ಈ ಲೆಕ್ಕದಲ್ಲಿ ಇನ್ನೊಂದು ಉಪ್ಯೋಗ ಇದೆ, ಯಾವ ಸ್ಪೀಕರ್‌ಗೆ ಎಷ್ಟು ಪಾಲು ಪವರ್ ಹೋಗುತ್ತೆ ಅನ್ನೋದೂ ಅದೇ ಸಂಖ್ಯೆಯಿಂದ ಗೊತ್ತಾಗುತ್ತೆ. 4 ಓಮ್ ಮತ್ತು 8 ಓಮ್ ಒಂದೇ ಟ್ಯಾಪ್‌ನಲ್ಲಿದ್ರೆ 4ರದ್ದಕ್ಕೆ ಎರಡು ಪಾಲು, 8ರದ್ದಕ್ಕೆ ಒಂದು ಪಾಲು.

ಮೂರು ಜೊತೆ 8 ಓಮ್ ಸ್ಪೀಕರ್ ಎಲ್ಲಾ 4ಕ್ಕೆ ಹಾಕಿದ್ರೆ 1.5 ಬರುತ್ತೆ. ಕಮ್ಮಿ ವಾಲ್ಯೂಮ್‌ನಲ್ಲಿ ಮಾತು ಕೇಳೋಕೆ, ಹಿನ್ನೆಲೆಯಲ್ಲಿ ಹಾಡಿಗೆ ನಡಿಯುತ್ತೆ, ಜೋರಾಗಿ ಬೇಡ. ನನ್ನ ಪ್ರಕಾರ 0.7ರಿಂದ 1.3ರ ತನಕ ಯೋಚ್ನೆ ಮಾಡೋ ಅಗತ್ಯ ಇಲ್ಲ, ಯಾಕಂದ್ರೆ ಸ್ಪೀಕರ್‌ನ ಓಮೇ ಒಂದೊಂದು ಫ್ರೀಕ್ವೆನ್ಸಿಗೆ ಒಂದೊಂದಿರುತ್ತೆ, 8 ಅಂತ ಬರ್ದಿರೋದು ಕೆಲವು ಕಡೆ 6.4ಕ್ಕೆ ಇಳಿದ್ರೂ ಅಂತರರಾಷ್ಟ್ರೀಯ ಗುಣಮಟ್ಟದ ಪ್ರಕಾರ ಅದನ್ನ 8 ಅಂತಾನೇ ಕರೀಬೋದು, ಬಾಸ್ ರೆಸೊನೆನ್ಸ್ (ಕೋನ್ ತಾನಾಗೇ ಜಾಸ್ತಿ ಅದುರೋ ಫ್ರೀಕ್ವೆನ್ಸಿ) ಹತ್ರ ಹಲವು ಪಟ್ಟು ಏರ್ಬೋದು. ಆದ್ರೆ 2 ಅಂತ ಬಂದ್ರೆ ಬದ್ಲಾಯ್ಸಿ. ನಾಲ್ಕು 8 ಓಮ್ ಸ್ಪೀಕರ್ ಇದ್ರೆ ಎರಡೆರಡು ಸೀರೀಸ್ ಮಾಡಿ ಆ ಎರಡು ಸರಪಳಿನ ಪ್ಯಾರಲಲ್ ಮಾಡಿದ್ರೆ ಮತ್ತೆ 8 ಓಮೇ ಆಗುತ್ತೆ, 8ರ ಟ್ಯಾಪ್‌ಗೆ ಹೋಗ್ಲಿ.

ಎಲ್ಲಾ ಹಳೇ ಆಂಪ್‌ನಲ್ಲೂ 4-8-16 ಇರುತ್ತೆ ಅಂತ ಅನ್ಕೊಬೇಡಿ. 1950ರ ದಶಕದ ಕ್ವಾಡ್ 2 ಅನ್ನೋ ಬ್ರಿಟಿಷ್ ಟ್ಯೂಬ್ ಆಂಪಲ್ಲಿ 7 ಮತ್ತು 15 ಓಮ್ ಅಂತ ಇತ್ತು, ಆ ಕಾಲದ ಬ್ರಿಟಿಷ್ ಸ್ಪೀಕರ್‌ಗಳು 15, 16 ಓಮ್‌ನವು ಜಾಸ್ತಿ. ಅಂಥ ಆಂಪ್‌ಗೆ ಈಗಿನ 4 ಓಮ್ ಸ್ಪೀಕರ್ ಎರಡು ಜೊತೆ ಪ್ಯಾರಲಲ್ ಹಾಕಿದ್ರೆ 2 ಓಮ್, ಲೆಕ್ಕ ಹಾಕಿ ನೋಡಿ ಎಷ್ಟು ಬರುತ್ತೆ ಅಂತ.

ಮೀಟರ್ ಎಲ್ಲಿ ಇಡೋದು

ಆಂಪ್ ಆಫ್, ಪ್ಲಗ್ ಹೊರಗೆ. ಸ್ಪೀಕರ್ ವೈರುಗಳನ್ನ ಆಂಪ್‌ನ ಸ್ಕ್ರೂಗಳಿಂದ ಬಿಚ್ಚಿ. ಬಿಚ್ಚಲೇಬೇಕು, ಯಾಕಂದ್ರೆ ಟ್ರಾನ್ಸ್‌ಫಾರ್ಮರ್ ಸೆಕೆಂಡರಿದೇ ರೆಸಿಸ್ಟೆನ್ಸು ಸಾಮಾನ್ಯವಾಗಿ ಒಂದು ಓಮ್‌ಗಿಂತ ಕಮ್ಮಿ, ವೈರ್ ಹಾಗೇ ಬಿಟ್ಟು ಅಳೆದ್ರೆ ಮೀಟರ್ 0.5 ತೋರ್ಸುತ್ತೆ, ನೀವು ಸ್ಪೀಕರ್ ಶಾರ್ಟ್ ಆಗಿದೆ ಅಂತ ಗಾಬರಿ ಬೀಳ್ತೀರ.

ಮೊದ್ಲು ಮೀಟರ್‌ನ ಎರಡೂ ಕಡ್ಡಿ ಒಂದಕ್ಕೊಂದು ಮುಟ್ಟಿಸಿ, 0.2, 0.3 ಏನೋ ತೋರ್ಸುತ್ತೆ, ಅದನ್ನ ನೆನಪಿಟ್ಕೊಂಡು ಪ್ರತಿ ಸಲ ಕಳೀರಿ. ಆಮೇಲೆ ಆಂಪ್ ತುದಿಯ ವೈರುಗಳ ನಡುವೆ ಅಳೀರಿ, ಅಂದ್ರೆ ವೈರು, ಕನೆಕ್ಟರು, ಸ್ಪೀಕರ್ ಎಲ್ಲಾ ಸೇರಿ ಸಿಗುತ್ತೆ. ಮೀಟರ್ ತೋರ್ಸೋದು ಡಿಸಿ ರೆಸಿಸ್ಟೆನ್ಸು, ಅದು ಬರ್ದಿರೋ ಓಮ್‌ಗಿಂತ ಕಮ್ಮೀನೇ ಇರುತ್ತೆ. 8 ಓಮ್ ಸ್ಪೀಕರ್‌ಗೆ 5.5ರಿಂದ 7 ಬಂದ್ರೆ ಸರಿ, 4ರದ್ದಕ್ಕೆ 3, 3.5, 16ರದ್ದಕ್ಕೆ 10ರಿಂದ 13. ಎರಡು 8 ಪ್ಯಾರಲಲ್ ಇದ್ರೆ 3 ಚಿಲ್ಲರೆ. ಹಿಂದೆ ಸ್ಟಿಕ್ಕರ್ ಹೋಗಿರೋ ಹಳೇ ಸ್ಪೀಕರ್ ಎಷ್ಟು ಓಮ್‌ದು ಅಂತ ಗುರ್ತಿಸೋಕೂ ಇದೇ ದಾರಿ.

6 ಬರ್ಬೇಕಾದ ಕಡೆ 0.4 ಬಂದ್ರೆ ವೈರ್ ಶಾರ್ಟು. ಹಳೇ ಆಂಪ್‌ಗಳ ಸ್ಕ್ರೂಗಳು ಒಂದಕ್ಕೊಂದು ತುಂಬಾ ಹತ್ರ ಇರ್ತವೆ, ಹೆಣೆದ ವೈರ್‌ನ ಒಂದೇ ಒಂದು ಕೂದಲೆಳೆ ಪಕ್ಕದ ಸ್ಕ್ರೂಗೆ ತಗಲಿದ್ರೂ ಸಾಕು. ಟಾರ್ಚ್ ಹಿಡಿದು ನೋಡಿ, ಕೈ ಬೆರಳಿಂದ ಸವರಿದ್ರೂ ಆ ಎಳೆ ಚುಚ್ಚುತ್ತೆ. ಒಂದೊಂದು ಸ್ಕ್ರೂ ಕೆಳಗೆ ಎರಡು ಮೂರು ವೈರ್ ತುರುಕೋ ಬದ್ಲು ಫೋರ್ಕ್ ಥರದ ಲಗ್ ಹಾಕಿ ಕ್ರಿಂಪ್ ಮಾಡಿ, ಅಥ್ವಾ ಎರಡೂ ಜೊತೆ ವೈರನ್ನ ಆಂಪ್ ಹೊರಗೆ ಒಂದು ಟರ್ಮಿನಲ್ ಬ್ಲಾಕ್‌ನಲ್ಲಿ ಸೇರ್ಸಿ ಅಲ್ಲಿಂದ ಒಂದೇ ಜೊತೆ ವೈರ್ ಆಂಪ್‌ಗೆ ತನ್ನಿ.

ಮೀಟರ್ ಏನೂ ತೋರ್ಸದೆ ಓಪನ್ ಅಂದ್ರೆ ಸ್ಪೀಕರ್ ಹತ್ರ ಹೋಗಿ ಸ್ಪೀಕರ್ ಟರ್ಮಿನಲ್ ಮೇಲೇ ಅಳೀರಿ. ಅಲ್ಲಿ ಬಂದು ಇಲ್ಲಿ ಬರ್ಲಿಲ್ಲ ಅಂದ್ರೆ ವೈರು ಇಲ್ಲಾ ಕನೆಕ್ಟರು. ನೋಡ್ತಾ ಇದ್ದಂಗೆ ನಂಬರ್ ಕುಣೀತಿದ್ರೆ, 6, 11, 7, 30 ಅಂತ, ಎಲ್ಲೋ ತುಕ್ಕು ಹಿಡಿದ ಜಾಯಿಂಟ್ ಇದೆ, ವೈರನ್ನ ಉದ್ದಕ್ಕೂ ಅಲ್ಲಾಡಿಸ್ತಾ ಮೀಟರ್ ನೋಡಿ, ಜಾಗ ತಾನಾಗೇ ಸಿಗುತ್ತೆ.

ಉದ್ದ ಎಳೆದಿರೋ ವೈರ್‌ಗೂ ಒಂದು ಮಾತು. ಒಂದು ಚದರ ಮಿಲಿಮೀಟರ್ ತಾಮ್ರದ ವೈರು ಮೀಟರ್‌ಗೆ ಸುಮಾರು 0.0175 ಓಮ್, 15 ಮೀಟರ್ ದೂರದ ರೂಮ್‌ಗೆ ಹೋಗಿ ಬರೋದು ಸೇರಿ 30 ಮೀಟರ್, ಅಂದ್ರೆ ಅರ್ಧ ಓಮ್ ಹೆಚ್ಚುಕಮ್ಮಿ. 8 ಓಮ್ ಸ್ಪೀಕರ್‌ಗೆ 0.4 ಮೀರ್ದಂಗೆ, 4ಕ್ಕೆ 0.2 ಮೀರ್ದಂಗೆ ನೋಡ್ಕೊಳ್ಳಿ. 2.5 ಚದರ ಮಿಲಿಮೀಟರ್ ತಗೊಂಡ್ರೆ ಅಲ್ಲಿಗೆ ಆ ಮಾತು ಮುಗೀತು, ಇದಕ್ಕಿಂತ ಜಾಸ್ತಿ ದುಡ್ಡು ವೈರ್ ಮೇಲೆ ಸುರಿಯೋದ್ರಲ್ಲಿ ನನಗೆ ನಂಬಿಕೆ ಇಲ್ಲ.

ಆಂಪ್‌ನಲ್ಲೇ ಎ, ಬಿ, ಎ+ಬಿ ಸ್ವಿಚ್ ಇದ್ರೆ

ಇಲ್ಲಿ ಜನ ತುಂಬಾ ಮೋಸ ಹೋಗ್ತಾರೆ. ಕೆಲವು ಆಂಪ್‌ಗಳಲ್ಲಿ ಎ+ಬಿ ಒತ್ತಿದ್ರೆ ಎರಡೂ ಜೊತೆ ಪ್ಯಾರಲಲ್ ಆಗ್ತವೆ, ಕೆಲವದ್ರಲ್ಲಿ ಸೀರೀಸ್. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಸೀರೀಸ್ ಆಗಿದ್ದು ಬಿ ಕಡೆ ಸ್ಪೀಕರೇ ಹಾಕಿಲ್ಲ ಅಂದ್ರೆ, ಎ+ಬಿ ಒತ್ತಿದ ತಕ್ಷಣ ಎರಡೂ ಮೌನ, ಆಂಪ್‌ಗೆ ಲೋಡೇ ಇಲ್ಲ. ಜನ ಏನ್ಮಾಡ್ತಾರೆ, ಸೌಂಡ್ ಬರ್ತಿಲ್ಲ ಅಂತ ವಾಲ್ಯೂಮ್ ಏರ್ಸ್ತಾರೆ. ಅಷ್ಟು ಸಾಕು ಟ್ರಾನ್ಸ್‌ಫಾರ್ಮರ್‌ಗೆ.

ಮೀಟರಲ್ಲಿ ಹೀಗೆ ಕಂಡುಹಿಡೀರಿ. ಪ್ಲಗ್ ಕಿತ್ತು ಎಲ್ಲಾ ಸ್ಪೀಕರ್ ವೈರ್ ಬಿಚ್ಚಿ. ಸ್ವಿಚ್ಚನ್ನ ಎ ಮೇಲೆ ಇಟ್ಟು ಎ ಜೊತೆಯ ಎಡ ಚಾನೆಲ್‌ನ ಪ್ಲಸ್ ಮೈನಸ್ ನಡುವೆ ಅಳೀರಿ, ಟ್ರಾನ್ಸ್‌ಫಾರ್ಮರ್ ಸೆಕೆಂಡರಿ ಕಾಣುತ್ತೆ, ಅರ್ಧ ಓಮ್ ಏನೋ ಬರುತ್ತೆ. ಈಗ ಸ್ವಿಚ್ಚನ್ನ ಎ+ಬಿಗೆ ತಿರುಗಿಸಿ ಅದೇ ಎರಡು ಸ್ಕ್ರೂ ಮೇಲೆ ಮತ್ತೆ ಅಳೀರಿ. ಹಾಗೇ ಅರ್ಧ ಓಮ್ ಇದ್ರೆ ಪ್ಯಾರಲಲ್. ಓಪನ್ ಆದ್ರೆ ಸೀರೀಸ್. ಎರಡೇ ನಿಮಿಷದ ಕೆಲ್ಸ, ಆದ್ರೆ ಎಷ್ಟೋ ಟ್ರಾನ್ಸ್‌ಫಾರ್ಮರ್ ಉಳಿಸುತ್ತೆ.

ಪ್ಯಾರಲಲ್ ಆಗಿದ್ರೆ ಎ+ಬಿ ಬಳಸೋವಾಗ ಟ್ಯಾಪನ್ನ ಎರಡೂ ಜೊತೆಯ ಲೆಕ್ಕಕ್ಕೆ ಇಡ್ಬೇಕು, ಅಂದ್ರೆ ಎರಡು 8 ಓಮ್ ಜೊತೆಗೆ 4ರ ಟ್ಯಾಪು. ಆಮೇಲೆ ಎ ಒಂದನ್ನೇ ಕೇಳಿದಾಗ 4ರಲ್ಲಿ 8, ಲೆಕ್ಕ 0.5. ಪವರ್ ಕಮ್ಮಿ ಸಿಗುತ್ತೆ, ಪೆಂಟೋಡ್ ಟ್ಯೂಬ್ ಆದ್ರೆ ತೀರಾ ಜೋರಾಗಿ ಹಾಕಿದಾಗ ಅದರೊಳಗಿನ ಸ್ಕ್ರೀನ್ ಗ್ರಿಡ್ ಅನ್ನೋ ಭಾಗದ ಮೇಲೆ ಹೊರೆ ಬೀಳುತ್ತೆ, ಆದ್ರೆ ಮನೆಯಲ್ಲಿ ಕೇಳೋ ಮಟ್ಟಕ್ಕೆ ಏನೂ ಆಗಲ್ಲ.

ಸೀರೀಸ್ ಆಗಿದ್ರೆ ಎರಡೂ ಜೊತೆ ಒಂದೇ ಮಾಡೆಲ್ ಇರ್ಬೇಕು, ಇಲ್ಲಾಂದ್ರೆ ಸೌಂಡ್ ವಿಚಿತ್ರ ಆಗುತ್ತೆ. ಒಂದು ಸ್ಪೀಕರ್ ರೆಸೊನೆನ್ಸ್‌ನಲ್ಲಿ 40 ಓಮ್ ತೋರ್ಸ್ತಿರೋವಾಗ ಇನ್ನೊಂದು 7 ತೋರ್ಸ್ತಿದ್ರೆ ಆ ಫ್ರೀಕ್ವೆನ್ಸಿಯ ವೋಲ್ಟೇಜೆಲ್ಲ ಮೊದಲನೇದಕ್ಕೇ ಹೋಗುತ್ತೆ, ಒಂದರಲ್ಲಿ ಬಾಸ್ ಗುಂಯ್ ಅನ್ನುತ್ತೆ, ಇನ್ನೊಂದು ಒಣ ಒಣ. ಇದನ್ನ ಯಾವ ಟ್ಯೂಬ್ ಬದ್ಲಾಯ್ಸಿದ್ರೂ ಸರಿ ಮಾಡಕ್ಕಾಗಲ್ಲ.

ಸ್ವಿಚ್ ಕಾಂಟ್ಯಾಕ್ಟ್ ಬಗ್ಗೆ: ಎಷ್ಟೋ ವರ್ಷ ಒಂದೇ ಕಡೆ ನಿಂತಿರೋ ಸ್ವಿಚ್ಚಲ್ಲಿ ಬಿ ಕಡೆಯ ಕಾಂಟ್ಯಾಕ್ಟ್ ಕಪ್ಪಾಗಿರುತ್ತೆ. ಸೌಂಡ್ ಬಂದು ಹೋಗಿ ಮಾಡ್ತಿದ್ರೆ, ಸ್ವಿಚ್ ಅಲ್ಲಾಡಿಸಿದ್ರೆ ಸರಿ ಹೋಗ್ತಿದ್ರೆ, ಪ್ಲಗ್ ಕಿತ್ತು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ.

ಹೊರಗಿನ ಸೆಲೆಕ್ಟರ್ ಬಾಕ್ಸ್

ಇವು ಬಹುಪಾಲು ಟ್ರಾನ್ಸಿಸ್ಟರ್ ಆಂಪ್ ಮನಸ್ಸಲ್ಲಿಟ್ಕೊಂಡು ಮಾಡಿರೋವು. ಎಲ್ಲಾ ಬಟನ್ ಆಫ್ ಮಾಡಕ್ಕಾಗುತ್ತೆ, ಟ್ಯೂಬ್ ಆಂಪ್‌ಗೆ ಅದೇ ವಿಷ. ಇನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸೋವಾಗ ಹಳೇದನ್ನ ಬಿಟ್ಟು ಆಮೇಲೆ ಹೊಸದನ್ನ ಹಿಡಿಯೋ ಥರದ ಸ್ವಿಚ್ ಆದ್ರೆ ನಡುವೆ ಒಂದು ಕ್ಷಣ ಲೋಡ್ ಇರಲ್ಲ, ಅದೇ ಕ್ಷಣಕ್ಕೆ ಜೋರು ಡ್ರಮ್ ಪೆಟ್ಟು ಬಂದ್ರೆ ಕಷ್ಟ. ವಾಲ್ಯೂಮ್ ಪೂರ್ತಿ ಇಳಿಸಿ ತಿರುಗಿಸೋ ಅಭ್ಯಾಸ ಮಾಡ್ಕೊಳ್ಳಿ. ಅದರ ಜೊತೆಗೆ ಆಂಪ್‌ನ ಕಾಮನ್ ಮತ್ತು 16ರ ನಡುವೆ ಒಂದು 150, 220 ಓಮ್‌ನ 10 ವ್ಯಾಟ್ ರೆಸಿಸ್ಟರ್ ಕಾಯಂ ಆಗಿ ಹಾಕಿಟ್ರೆ ಸೌಂಡ್‌ಗೆ ವ್ಯತ್ಯಾಸ ಗೊತ್ತಾಗಲ್ಲ, ಲೋಡ್ ಕಳಚಿ ಹೋದಾಗ ವೋಲ್ಟೇಜ್ ತೀರಾ ಏರೋದನ್ನ ಅದು ಸ್ವಲ್ಪ ಹಿಡಿದಿಡುತ್ತೆ. ಪೂರ್ತಿ ರಕ್ಷಣೆ ಅಲ್ಲ, ಅದನ್ನ ನಂಬ್ಕೊಂಡು ಸ್ಪೀಕರ್ ಇಲ್ದೆ ಓಡಿಸ್ಬೇಡಿ.

ಕೆಲವು ಬಾಕ್ಸ್‌ಗಳಲ್ಲಿ ಪ್ರೊಟೆಕ್ಷನ್ ಅನ್ನೋ ಬಟನ್ ಇರುತ್ತೆ. ಅದು ಒಂದೊಂದು ಸ್ಪೀಕರ್‌ಗೂ ಸೀರೀಸ್ ಆಗಿ ಕೆಲವು ಓಮ್ ರೆಸಿಸ್ಟರ್ ಸೇರ್ಸುತ್ತೆ. ಲೋಡ್ ಕಾಪಾಡುತ್ತೆ ನಿಜ, ಆದ್ರೆ ಟ್ಯೂಬ್ ಆಂಪ್‌ನ ಡ್ಯಾಂಪಿಂಗ್ (ಕೋನ್ ಅದುರೋದನ್ನ ಹಿಡಿದು ನಿಲ್ಲಿಸೋ ಶಕ್ತಿ) ಮೊದ್ಲೇ ಕಮ್ಮಿ, ಮೇಲಿಂದ ಈ ರೆಸಿಸ್ಟರ್ ಬಂದ್ರೆ ಬಾಸ್ ಇನ್ನೂ ಕೊಳಕಾಗುತ್ತೆ, ಪವರ್ ಶಾಖ ಆಗಿ ಹೋಗುತ್ತೆ. "ಬಾಕ್ಸ್ ಹಾಕಿದ್ಮೇಲೆ ಬಾಸ್ ಹಾಳಾಯ್ತು" ಅಂದ್ರೆ ಮೊದ್ಲು ಆ ಬಟನ್ ನೋಡಿ. ಟ್ಯಾಪ್ ಸರಿ ಇಟ್ರೆ ಅದರ ಅಗತ್ಯಾನೇ ಇಲ್ಲ.

ಒಂದು ಜೊತೆ ಜೋರು, ಇನ್ನೊಂದು ಮೆಲ್ಲಗೆ

ಇದು ದೋಷ ಅಲ್ಲ, ಸ್ಪೀಕರ್ ಸ್ವಭಾವ. 92 ಡಿಬಿ ಸೆನ್ಸಿಟಿವಿಟಿ ಇರೋ ಹಳೇ ಸ್ಪೀಕರ್ ಪಕ್ಕ 86 ಡಿಬಿ ಇರೋ ಈಗಿನ ಸಣ್ಣ ಡಬ್ಬಿ ಇಟ್ರೆ ಅದಕ್ಕೆ ಸರಿಸಮ ಆಗೋಕೆ ನಾಲ್ಕು ಪಟ್ಟು ಪವರ್ ಬೇಕು. ಇದಕ್ಕೆ ಎಲ್-ಪ್ಯಾಡ್ (ಸ್ಪೀಕರ್ ವೈರಲ್ಲಿ ಹಾಕೋ ವಾಲ್ಯೂಮ್ ಕಂಟ್ರೋಲು) ಹಾಕಿ, ಜೋರಾಗಿರೋ ಜೊತೆಗೆ, ಸ್ಪೀಕರ್‌ನಷ್ಟೇ ಓಮ್‌ದು, ಚಾನೆಲ್‌ಗೊಂದು. ತಿರುಗಿಸಿದ್ರೂ ಆಂಪ್‌ಗೆ ಕಾಣೋ ಲೋಡ್ ಬದಲಾಗಲ್ಲ. ಬರೀ ರಿಯೋಸ್ಟಾಟ್ ಸೀರೀಸ್ ಹಾಕೋದು ಬೇಡ. ಎಲ್-ಪ್ಯಾಡ್ ಬೇಡ ಅಂದ್ರೆ ಟ್ಯಾಪಲ್ಲೇ ಆಟ ಆಡ್ಬೋದು: ಮೆಲ್ಲಗಿರೋ ಸ್ಪೀಕರ್ ಮೇಲಿನ ಟ್ಯಾಪ್‌ಗೆ, ಜೋರಿರೋದು ಕೆಳಗಿನ ಟ್ಯಾಪ್‌ಗೆ, ಮೊತ್ತ 1ರ ಹತ್ರ ಇರೋ ಹಾಗೆ.

ಹಾಗೇ, ಎರಡನೇ ಜೊತೆ ಹಾಕಿದ್ಮೇಲೆ ಮೊದಲನೇದು ಸ್ವಲ್ಪ ಮೆಲ್ಲಗಾಯ್ತು ಅನ್ಸಿದ್ರೆ ಅದೂ ಸರಿಯೇ, ಪವರ್ ಅರ್ಧ ಆದ್ರೆ 3 ಡಿಬಿ ಇಳಿಯುತ್ತೆ.

ಬಾಸೇ ಮಾಯ ಆಗಿದ್ರೆ ಮಾತ್ರ ಬೇರೆ ಕತೆ. ಒಂದೇ ರೂಮಲ್ಲಿ ಎರಡು ಜೊತೆ ಇದ್ದು ಒಂದು ಸ್ಪೀಕರ್ ಉಲ್ಟಾ ಕಟ್ಟಿದ್ರೆ ಒಂದು ತಳ್ಳೋವಾಗ ಇನ್ನೊಂದು ಎಳೆಯುತ್ತೆ. ಹಳೇ ಸ್ಪೀಕರ್‌ಗಳಲ್ಲಿ ಪ್ಲಸ್ ಗುರ್ತು ಅಳಿಸಿ ಹೋಗಿರುತ್ತೆ, ಒಳಗೆ ಯಾರೋ ರಿಪೇರಿ ಮಾಡಿ ತಿರುಗಿಸಿರ್ತಾರೆ. ಆಂಪ್‌ನಿಂದ ಬಿಚ್ಚಿದ ವೈರ್ ತುದಿಗೆ 1.5 ವೋಲ್ಟ್ ಸೆಲ್ಲನ್ನ ಒಂದು ಕ್ಷಣ ಮುಟ್ಟಿಸಿ, ಸೆಲ್‌ನ ಪ್ಲಸ್ಸು ಸ್ಪೀಕರ್ ಪ್ಲಸ್‌ಗೆ ಹೋದ್ರೆ ವೂಫರ್ ಕೋನ್ ಟಪ್ ಅಂತ ಮುಂದಕ್ಕೆ ಬರುತ್ತೆ. ಎಲ್ಲವೂ ಮುಂದಕ್ಕೇ ಬರೋ ಹಾಗೆ ಗುರ್ತು ಹಾಕ್ಕೊಳ್ಳಿ. ಕೆಲವು ಹಳೇ ಡ್ರೈವರ್‌ಗಳಲ್ಲಿ ಗುರ್ತೇ ಉಲ್ಟಾ ಇರುತ್ತೆ, ಹಾಗಾಗಿ ಬರ್ದಿರೋದಕ್ಕಿಂತ ಕೋನ್ ಹೇಳೋದನ್ನ ನಂಬಿ.

ಇನ್ನೊಂದು ಅಪರೂಪದ ಆದ್ರೆ ಕೆಟ್ಟ ತಪ್ಪು: ವೈರ್ ಕಾಮನ್‌ಗೆ ಹಾಕೋ ಬದ್ಲು 4 ಮತ್ತು 8ರ ನಡುವೆ ಹಾಕಿರೋದು. ಆ ಎರಡರ ನಡುವೆ ಸಿಗೋದು 4 ಓಮ್ ಅಲ್ಲ, 0.7 ಓಮ್‌ಗೂ ಕಮ್ಮಿಯ ಟ್ಯಾಪು. ಸೌಂಡ್ ತೀರಾ ಕಮ್ಮಿ ಬರುತ್ತೆ, ಏರ್ಸಿದ್ರೆ ಕರ್ಕಶ, 8 ಓಮ್ ಸ್ಪೀಕರ್ ಆದ್ರೆ ಟ್ಯೂಬ್‌ಗಳಿಗೆ ಹತ್ತು ಪಟ್ಟಿಗಿಂತ ಜಾಸ್ತಿ ಓಮ್ ಕಾಣುತ್ತೆ, ಅಂದ್ರೆ ಲೋಡ್ ಇಲ್ದಂಗೇ. ಒಂದು ಚಾನೆಲ್ ಕಾರಣ ಇಲ್ದೆ ಸಣ್ಣಗಿದ್ರೆ ಸ್ಕ್ರೂಗಳನ್ನ ಒಂದೊಂದೇ ಎಣಿಸಿ ನೋಡಿ, ಕೆಲವು ಆಂಪ್‌ಗಳಲ್ಲಿ ಎರಡು ಚಾನೆಲ್‌ನ ಕ್ರಮ ಒಂದರ ಕನ್ನಡಿ ಬಿಂಬದಂಗೆ ಇರುತ್ತೆ.

ಒಂದು ಚಾನೆಲ್ ಸತ್ತಿದೆ, ಇಲ್ಲಾ ಗೊರಗೊರ ಅಂತಿದೆ

ಅದಲು ಬದಲು ಮಾಡಿ ನೋಡೋದೇ ಇದಕ್ಕೆ ಮದ್ದು. ಆಫ್ ಮಾಡಿ, ಎಡ ಬಲ ಸ್ಪೀಕರ್ ವೈರನ್ನ ಆಂಪ್ ಹತ್ರ ಅದಲು ಬದಲು ಮಾಡಿ. ತೊಂದ್ರೆ ಸ್ಪೀಕರ್ ಜೊತೆ ಆ ಕಡೆ ಹೋಯ್ತಾ, ಆಂಪ್ ಪಾರು. ಅಲ್ಲೇ ಉಳೀತಾ, ಆಗ ವೈರನ್ನ ಮೊದಲಿನಂತೆ ಹಾಕಿ ಇನ್‌ಪುಟ್ ಕೇಬಲ್ ಅದಲು ಬದಲು ಮಾಡಿ. ಅದಕ್ಕೂ ಜಗ್ಗಲಿಲ್ಲ ಅಂದ್ರೆ ಮಾತ್ರ ಆಂಪ್ ಒಳಗೆ ತೊಂದ್ರೆ, ಈಗ ಟ್ಯೂಬ್ ಅದಲು ಬದಲು ಮಾಡೋಕೆ ಅರ್ಥ ಇದೆ. ಡ್ರೈವರ್ ಟ್ಯೂಬ್ ಮೊದ್ಲು, ಆಮೇಲೆ ಔಟ್‌ಪುಟ್ ಟ್ಯೂಬು, ಫಿಕ್ಸೆಡ್ ಬಯಾಸ್ (ಹಾಡು ಇಲ್ದಾಗ ಟ್ಯೂಬಲ್ಲಿ ಎಷ್ಟು ಕರೆಂಟ್ ಹರೀಬೇಕು ಅಂತ ಹೊರಗಿಂದ ಕೊಡೋ ವೋಲ್ಟೇಜು) ಇರೋ ಆಂಪಲ್ಲಿ ಔಟ್‌ಪುಟ್ ಟ್ಯೂಬ್ ಬದ್ಲಾಯ್ಸಿದ್ಮೇಲೆ ಬಯಾಸ್ ನೋಡ್ಲೇಬೇಕು.

ಈ ಎಲ್ಲಾ ಪರೀಕ್ಷೆಯಲ್ಲಿ ಸ್ಪೀಕರ್ ಬದ್ಲು ಆ 8 ಓಮ್ ರೆಸಿಸ್ಟರ್ ಕಟ್ಟಿದ್ರೆ ಇನ್ನೂ ಒಳ್ಳೇದು. ಅದಕ್ಕೆ ಏನೂ ಆಗಲ್ಲ, ಶುದ್ಧ 8 ಓಮ್. 8ರ ಟ್ಯಾಪಲ್ಲಿ ರೆಸಿಸ್ಟರ್ ಹಾಕಿದಾಗ ಎರಡೂ ಚಾನೆಲ್‌ನಲ್ಲಿ ಎಸಿ ವೋಲ್ಟೇಜ್ ಒಂದೇ ಬಂದು, ಸ್ಪೀಕರ್ ಹಾಕಿದಾಗ ಮಾತ್ರ ತೊಂದ್ರೆ ಅಂದ್ರೆ ಇನ್ನು ಆಂಪ್ ಬಿಚ್ಚೋ ಉಸಾಬರಿ ಬೇಡ.

ಸ್ಪೀಕರ್ ಬಿಚ್ಚಿಹೋಗಿರೋದನ್ನ ಕಿವಿಯಿಂದ ಪತ್ತೆ ಮಾಡೋ ದಾರಿ ಒಂದಿದೆ: ಸೌಂಡ್ ಇಲ್ದೆ ಇರೋ ಚಾನೆಲ್‌ನ ಟ್ರಾನ್ಸ್‌ಫಾರ್ಮರೇ ಹಾಡ್ತಿರುತ್ತೆ. ಲೋಡ್ ಇಲ್ದಾಗ ಅದರ ಪಟ್ಟಿಗಳು ಅದುರಿ ಸಣ್ಣ ರೇಡಿಯೋ ಥರ ಹಾಡಿನ ಮಾತೂ ಕೇಳ್ಸೋ ಅಷ್ಟು ಸದ್ದು ಬರುತ್ತೆ. ಅದು ಕೇಳ್ಸಿದ್ರೆ ಯೋಚ್ನೆ ಮಾಡ್ತಾ ನಿಲ್ಬೇಡಿ, ತಕ್ಷಣ ಆಫ್ ಮಾಡಿ.

ಪ್ಲೇಟ್ ಕೆಂಪಾದ್ರೆ, ಫ್ಯೂಸ್ ಹೋದ್ರೆ

ಟ್ಯೂಬ್ ಒಳಗಿನ ಬೂದು ಬಣ್ಣದ ಪ್ಲೇಟು ಕತ್ತಲಲ್ಲಿ ಮಂದ ಕೆಂಪಾಗಿ ಕಾಣೋದು ಬೇರೆ, ನಡುವಿನ ಫಿಲಮೆಂಟ್ ಕಿತ್ತಳೆ ಬಣ್ಣದಲ್ಲಿ ಉರಿಯೋದು ಬೇರೆ, ಎರಡನೇದು ಇರ್ಲೇಬೇಕು. ಪ್ಲೇಟೇ ಕೆಂಪಾದ್ರೆ ಕೂಡ್ಲೇ ಆಫ್. ಹಾಡು ಇಲ್ದೆ ಸುಮ್ನೆ ಇದ್ದಾಗ್ಲೂ ಕೆಂಪಾದ್ರೆ ಅದು ಸಾಮಾನ್ಯವಾಗಿ ಸ್ಪೀಕರ್ ಲೆಕ್ಕ ಅಲ್ಲ (ಒಂದು ಅಪವಾದ ಕೆಳಗಿದೆ), ಬಯಾಸ್ ಹೋಗಿದೆ, ಕಪ್ಲಿಂಗ್ ಕೆಪಾಸಿಟರ್ ಸೋರ್ತಿದೆ, ಇಲ್ಲಾ ಟ್ಯೂಬಲ್ಲಿ ಗ್ಯಾಸ್ ಸೇರಿದೆ. ಬಯಾಸ್ ಅಳೆಯೋಕೆ ಆಯಾ ಆಂಪ್‌ಗೆ ಅದರದ್ದೇ ಸಂಖ್ಯೆ ಇರುತ್ತೆ, ಡೈನಾಕೊ ಎಸ್‌ಟಿ-70ರಲ್ಲಿ 15.6 ಓಮ್ ರೆಸಿಸ್ಟರ್ ಮೇಲೆ 1.56 ವೋಲ್ಟ್ ಬರ್ಬೇಕು, ಅಂದ್ರೆ ಎರಡು ಇಎಲ್34 ಸೇರಿ 100 ಮಿಲಿಆಂಪ್. ಜೋರಾಗಿ ಹಾಡಿದಾಗ ಮಾತ್ರ ಕೆಂಪಾಗಿ, ಮೆಲ್ಲಗಾದಾಗ ಸರಿ ಹೋಗ್ತಿದ್ರೆ ಲೋಡ್ ಲೆಕ್ಕ ಮತ್ತೆ ನೋಡಿ, 2 ಇಲ್ಲಾ 3 ಬರ್ತಿರುತ್ತೆ.

ಹಾಡೇ ಇಲ್ದೆ ಕೆಂಪಾಗೋದು, ಅದೂ ಉದ್ದ ಕೇಬಲ್ ಇಲ್ಲಾ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಹಾಕಿದ್ಮೇಲೆ ಮಾತ್ರ ಅಂದ್ರೆ ಆಸಿಲೇಶನ್ ಇರ್ಬೋದು. ಹಳೇ ಆಂಪ್‌ಗಳ ಫೀಡ್‌ಬ್ಯಾಕ್ ಸರ್ಕ್ಯೂಟು ಕೆಪಾಸಿಟಿವ್ ಲೋಡ್ (ಕೆಪಾಸಿಟರ್ ಥರ ವರ್ತಿಸೋ ಲೋಡು) ನೋಡಿದ್ರೆ ಬೆದರುತ್ತೆ. ಆ ಜೊತೆ ಬಿಚ್ಚಿ ಮಾಮೂಲಿ ಸ್ಪೀಕರ್ ಹಾಕಿದಾಗ ಸರಿ ಹೋದ್ರೆ ಖಚಿತ. ಇದನ್ನ ನೋಡೋಕೆ ಆಸಿಲೋಸ್ಕೋಪ್ ಬೇಕು.

ಟ್ರಾನ್ಸ್‌ಫಾರ್ಮರ್ ಮೇಲೇ ಅನುಮಾನ ಬಂದ್ರೆ, ಎಲ್ಲಾ ಡಿಸ್ಚಾರ್ಜ್ ಮಾಡಿ, ಔಟ್‌ಪುಟ್ ಟ್ಯೂಬ್ ತೆಗೆದು, ಬಿ ಪ್ಲಸ್ ಸೆಂಟರ್ ಟ್ಯಾಪ್‌ನಿಂದ (ಹೈ ವೋಲ್ಟೇಜ್ ಬಂದು ಸೇರೋ, ಪ್ರೈಮರಿಯ ನಡುವಿನ ತುದಿ) ಒಂದೊಂದು ಪ್ಲೇಟ್ ಪಿನ್‌ಗೆ ಓಮ್ ಅಳೀರಿ. ಹತ್ತಾರು ಓಮ್‌ನಿಂದ ಕೆಲವು ನೂರರ ತನಕ ಏನೇ ಬರ್ಬೋದು, ಎರಡು ಅರ್ಧಗಳ ನಡುವೆ ಸ್ವಲ್ಪ ವ್ಯತ್ಯಾಸ ಸಹಜ, ಯಾಕಂದ್ರೆ ಒಂದು ಅರ್ಧ ಹೊರಗಡೆ ಸುತ್ತಿರೋದ್ರಿಂದ ಅದರ ತಂತಿ ಉದ್ದ ಜಾಸ್ತಿ. ಒಂದು ಕಡೆ ಓಪನ್, ಇಲ್ಲಾ ಒಂದು ಇನ್ನೊಂದರ ಅರ್ಧಕ್ಕಿಂತ ಕಮ್ಮಿ ಬಂದ್ರೆ ಸುತ್ತು ಹೋಗಿದೆ. ಚೆನ್ನಾಗಿರೋ ಚಾನೆಲ್‌ನ ಟ್ರಾನ್ಸ್‌ಫಾರ್ಮರನ್ನೂ ಅಳೆದು ಪಕ್ಕಪಕ್ಕ ಬರ್ಕೊಳ್ಳಿ, ಹೋಲಿಸೋಕೆ ಅದಕ್ಕಿಂತ ಒಳ್ಳೇ ಅಳತೆ ಬೇರೆ ಸಿಗಲ್ಲ. ಒಂದೆರಡು ಸುತ್ತು ಮಾತ್ರ ಶಾರ್ಟ್ ಆಗಿದ್ರೆ ಓಮ್ ಮೀಟರ್‌ಗೆ ಕಾಣಲ್ಲ. ಓಮ್ ಸರಿ ಇದ್ದು, ಟ್ಯೂಬು, ಬಯಾಸ್ ಎಲ್ಲಾ ಸರಿ ಇದ್ದು, 8ರ ಟ್ಯಾಪಲ್ಲಿ 8 ಓಮ್ ರೆಸಿಸ್ಟರ್ ಹಾಕಿದ್ರೂ ಆ ಚಾನೆಲ್ ಅರ್ಧ ಪವರ್‌ಗೇ ಸುಸ್ತಾಗ್ತಿದ್ರೆ, ಟ್ರಾನ್ಸ್‌ಫಾರ್ಮರ್ ಸುತ್ತೋರ ಹತ್ರ ಒಯ್ದು ತೋರ್ಸಿ, ಹೋಗೋವಾಗ ಚೆನ್ನಾಗಿರೋ ಇನ್ನೊಂದನ್ನೂ ಜೊತೆಗೆ ತಗೊಂಡೋಗಿ, ಅವರಿಗೆ ಅಳತೆಗೆ ಬೇಕಾಗುತ್ತೆ.